ಆಕ್ಸ್‌ಫರ್ಡ್ ಯೂನಿಯನ್: ಒಂದು ವಿದ್ಯಾರ್ಥಿ ಚರ್ಚಾಸಭೆಯ ಕಥೆ

ಕಥೆ, ಅಂದರೆ ಮಾತುಕತೆ, ಮೂರು ಬಗೆಯೆಂದು ನಮ್ಮ ನ್ಯಾಯಶಾಸ್ತ್ರಕಾರರು ಹೇಳುತ್ತಾರೆ. ತತ್ತ್ವವನ್ನು ತಿಳಿಯಬೇಕೆಂಬ ಆಸೆಯಿಂದ ಇಬ್ಬರು ಕೂಡಿ ನಡೆಸುವುದು ವಾದ; ಹೇಗಾದರೂ ಗೆಲ್ಲಬೇಕೆಂಬ ಹಟದಿಂದ ನಡೆಸುವುದು ಜಲ್ಪ; ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯ ಮಾತನ್ನು ಕೆಡವುವುದಕ್ಕಷ್ಟೇ ಬಾಯಿ ತೆರೆಯುವುದು ವಿತಂಡ. ಹೈಸ್ಕೂಲಿನ ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕುಳಿತಾಗಲೆಲ್ಲ ಈ ವಿಂಗಡಣೆ ನನ್ನ ನೆನಪಿಗೆ ಬರುತ್ತದೆ. ಹಳ್ಳಿಯ ಬಾಳು ಮೇಲೋ ಪಟ್ಟಣದ ಬಾಳು ಮೇಲೋ ಎಂಬ ವಿಷಯದ ಮೇಲೆ, ಹುಟ್ಟಿನಿಂದ ಪಟ್ಟಣವನ್ನೇ ಬಿಟ್ಟು ಕದಲದ ಹುಡುಗ ಹೊಲಗದ್ದೆಗಳ ಸೊಬಗನ್ನು ಕಣ್ಣಲ್ಲಿ ನೀರು ಬರುವಂತೆ ವರ್ಣಿಸುತ್ತಾನೆ. ಕೊಟ್ಟಿಗೆಯ ಸಗಣಿ ಬಾಚಿ ಶಾಲೆಗೆ ಬಂದ ಹುಡುಗ ಪಟ್ಟಣದ ವೈಭವವನ್ನು ಕೊಂಡಾಡುತ್ತಾನೆ. ಇಬ್ಬರಿಗೂ ಪಕ್ಷವನ್ನು ಹಂಚಿಕೊಟ್ಟವರು ಮೇಷ್ಟ್ರು. ಇದರಿಂದ ಮಕ್ಕಳು ಕಲಿಯುವುದು ವಿವೇಕವನ್ನೋ, ಬರಿಯ ನಾಲಗೆಯ ಚುರುಕನ್ನೋ?

ಈ ಪ್ರಶ್ನೆಗೆ ಎರಡು ಶತಮಾನಗಳ ದಾಖಲೆಯನ್ನು ಮುಂದಿಡಬಲ್ಲ ಸಂಸ್ಥೆಯೊಂದು ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದೆ. ಅದರ ಹೆಸರು ಆಕ್ಸ್‌ಫರ್ಡ್ ಯೂನಿಯನ್ ಸೊಸೈಟಿ. ನಮ್ಮ ಕಾಲೇಜುಗಳ ವಿದ್ಯಾರ್ಥಿ ಯೂನಿಯನ್ನುಗಳನ್ನು ನೋಡಿದವರು ಹೆಸರಿನಿಂದ ಮೋಸಹೋಗಬಾರದು. ಇದು ವಿಶ್ವವಿದ್ಯಾನಿಲಯದ ಅಂಗವಲ್ಲ. ಎಲ್ಲ ವಿದ್ಯಾರ್ಥಿಗಳ ಪ್ರತಿನಿಧಿಯೂ ಅಲ್ಲ. ಚಂದಾ ಕೊಟ್ಟು ಸೇರಿದ ಸದಸ್ಯರದೇ ಆದ ಸ್ವತಂತ್ರ ಕೂಟ. ಸ್ವಂತ ಕಟ್ಟಡ, ಸ್ವಂತ ಪುಸ್ತಕ ಭಂಡಾರ, ಸ್ವಂತ ಚುನಾವಣೆ. ಅಧಿಕಾರಿಗಳ ಕೈಗೆ ಸುಲಭವಾಗಿ ಸಿಕ್ಕದೆ ಅದು ಇಷ್ಟು ಕಾಲ ಬದುಕಿದ್ದಕ್ಕೆ ಈ ಸ್ವಾತಂತ್ರ್ಯವೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ.

ಆಕ್ಸ್‌ಫರ್ಡಿನವರಿಗಿಂತ ಮೊದಲೇ ಈ ಕೆಲಸಕ್ಕೆ ಕೈಹಾಕಿದವರು ಕೇಂಬ್ರಿಡ್ಜಿನ ಹುಡುಗರು. ಅಲ್ಲಿಯ ಯೂನಿಯನ್ ೧೮೧೫ರಲ್ಲಿ ಹುಟ್ಟಿತು. ಅದು ನೆಪೋಲಿಯನ್ನನ ಯುದ್ಧಗಳು ಆಗತಾನೆ ಮುಗಿದಿದ್ದ ಕಾಲ. ಫ್ರಾನ್ಸಿನ ಕ್ರಾಂತಿ ಸಮುದ್ರ ದಾಟಿ ಬಂದೀತೆಂಬ ಭಯ ಇಂಗ್ಲೆಂಡಿನ ದೊಡ್ಡವರನ್ನು ಬಿಟ್ಟಿರಲಿಲ್ಲ. ನಾಲ್ಕು ಜನ ತರುಣರು ಒಂದೆಡೆ ಸೇರಿ ರಾಜಕೀಯ ಮಾತನಾಡಿದರೂ ಅನುಮಾನ. ೧೮೧೭ರಲ್ಲಿ ಒಂದು ಸಂಜೆ ಚರ್ಚೆ ನಡೆಯುತ್ತಿರುವಾಗ ವಿಶ್ವವಿದ್ಯಾನಿಲಯದ ಶಿಸ್ತಿನ ಅಧಿಕಾರಿಗಳು ನೇರವಾಗಿ ಸಭೆಗೆ ನುಗ್ಗಿ, ಇದನ್ನು ಇಲ್ಲಿಗೇ ನಿಲ್ಲಿಸತಕ್ಕದ್ದೆಂಬ ಉಪಕುಲಪತಿಯ ಆಜ್ಞೆಯನ್ನು ತಿಳಿಸಿದರು. ಆ ದಿನ ಅಧ್ಯಕ್ಷ ಪೀಠದಲ್ಲಿದ್ದವನು ವಿಲಿಯಂ ಹ್ಯೂವೆಲ್ ಎಂಬ ಯುವಕ. ಆತ ಗಾಬರಿಯಾಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ; ಹೊರಗಿನವರು ದಯವಿಟ್ಟು ಸಭೆಯಿಂದ ಹೊರಗೆ ಹೋಗಿರಬೇಕು, ತಮ್ಮ ಅಪ್ಪಣೆಯನ್ನು ಸಭೆ ವಿಚಾರಮಾಡುತ್ತದೆ ಎಂದು ನಿಯಮದಂತೆ ಹೇಳಿದನಂತೆ. ಮಾತು ಗಂಭೀರವಾಗಿಯೇ ಇತ್ತು. ಆಜ್ಞೆ ಮಾತ್ರ ಬದಲಾಗಲಿಲ್ಲ. ನಾಲ್ಕು ವರ್ಷ ಬಾಗಿಲು ಮುಚ್ಚಿತು. ೧೮೨೧ರಲ್ಲಿ ತೆರೆಯಲು ಅನುಮತಿ ದೊರೆತಾಗ, ಸದ್ಯದ ರಾಜಕೀಯವನ್ನು ಮುಟ್ಟಕೂಡದೆಂಬ ಕಟ್ಟಳೆಯೂ ಜೊತೆಗೆ ಬಂದಿತು. ಈ ಹ್ಯೂವೆಲ್ಲನೇ ಮುಂದೆ ದೊಡ್ಡ ವಿದ್ವಾಂಸನಾಗಿ, ವಿಜ್ಞಾನಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ನಡೆಯುವ ಪದವನ್ನು ಟಂಕಿಸಿದವನು. ೧೮೪೨ರಲ್ಲಿ ಅದೇ ಕೇಂಬ್ರಿಡ್ಜಿಗೆ ಉಪಕುಲಪತಿಯೂ ಆದನು.

ಆಕ್ಸ್‌ಫರ್ಡಿನ ಚರ್ಚಾಕೂಟ ೧೮೨೩ರಲ್ಲಿ ಆರಂಭವಾಯಿತು. ೧೮೨೫ರಲ್ಲಿ ಹೊಸದಾಗಿ ವ್ಯವಸ್ಥೆಗೊಂಡು ಈಗಿನ ಹೆಸರನ್ನು ಪಡೆಯಿತು. ಇಲ್ಲಿಯೂ ಆರಂಭದ ವಿಷಯಗಳು ಹಳೆಯ ಚರಿತ್ರೆಯವು. ಮೊದಲನೆಯ ಕ್ರಾಮ್‌ವೆಲ್ಲನ ದಂಗೆಗೆ ರಾಜನ ದಬ್ಬಾಳಿಕೆ ಕಾರಣವೋ ಪ್ರಜೆಗಳ ಹೊಸ ಮನೋಭಾವ ಕಾರಣವೋ ಎಂಬಂಥವು. ಹಳೆಯ ರಾಜನ ಹೆಸರು ಹೇಳಿ ಹೊಸ ರಾಜನ ಕಾಲದ ಮಾತನ್ನಾಡುವುದು ಕಷ್ಟವೇನಲ್ಲ. ಪುರಾಣದ ನೆಪದಲ್ಲಿ ಕಣ್ಣೆದುರಿನ ದೊರೆಯನ್ನು ತಿವಿದ ಕವಿಗಳನ್ನು ಓದಿದ ನಮಗೆ ಈ ಉಪಾಯ ಹೊಸದಾಗಿ ಕಾಣದು.

೧೮೨೯ರಲ್ಲಿ ಕೇಂಬ್ರಿಡ್ಜಿನಿಂದ ಮೂವರು ತರುಣರು ಚಳಿಯಲ್ಲಿ ಗಾಡಿ ಮಾಡಿಕೊಂಡು ಆಕ್ಸ್‌ಫರ್ಡಿಗೆ ಬಂದರು. ಬಂದದ್ದು ಬೈರನ್ನನಿಗಿಂತ ಶೆಲ್ಲಿ ದೊಡ್ಡ ಕವಿ ಎಂದು ವಾದಿಸುವುದಕ್ಕೆ! ಆಗ ಶೆಲ್ಲಿ ಸತ್ತು ಏಳು ವರ್ಷವಾಗಿತ್ತು. ಆಕ್ಸ್‌ಫರ್ಡಿನಲ್ಲಿಯೇ ಓದಿ, ನಾಸ್ತಿಕ ಮತದ ಪುಸ್ತಿಕೆಯ ದೆಸೆಯಿಂದ ೧೮೧೧ರಲ್ಲಿ ಅಲ್ಲಿಂದ ಹೊರದೂಡಿಸಿಕೊಂಡವನು ಅವನು. ಅವನ ಪರವಾಗಿ ಮಾತನಾಡಲು ಪಕ್ಕದ ವಿಶ್ವವಿದ್ಯಾನಿಲಯದವರು ಬರಬೇಕಾಯಿತು. ಸಭೆ ಬಹುಮತದಿಂದ ಬೈರನ್ನನನ್ನೇ ಎತ್ತಿಹಿಡಿಯಿತು. ಕಾವ್ಯದ ಬೆಲೆಯನ್ನು ಕೈಯೆತ್ತಿ ಎಣಿಸಿ ಕಟ್ಟುವ ಪದ್ಧತಿ ನಗೆಗೀಡೆಂದು ಪಂಡಿತರು ಹೇಳಬಹುದು. ಆದರೆ ಒಬ್ಬ ಕವಿಗಾಗಿ ಚಳಿಯಲ್ಲಿ ಅಷ್ಟು ದೂರ ಬಂದ ಆ ಹುಡುಗರ ಮೇಲೆ ನನಗೆ ಅಭಿಮಾನವೇ ಹೆಚ್ಚು.

ಆ ಅತಿಥಿಗಳನ್ನು ಬರಮಾಡಿಕೊಂಡವರಲ್ಲಿ ಕ್ರೈಸ್ಟ್ ಚರ್ಚ್ ಕಾಲೇಜಿನ ವಿದ್ಯಾರ್ಥಿಯೊಬ್ಬನಿದ್ದನು. ವಿಲಿಯಂ ಗ್ಲಾಡ್‌ಸ್ಟನ್ ಎಂದು ಅವನ ಹೆಸರು. ೧೮೩೦ರಲ್ಲಿ ಯೂನಿಯನ್ನಿನ ಅಧ್ಯಕ್ಷನಾದನು. ಮರುವರ್ಷ ದೇಶವೆಲ್ಲ ಒಂದೇ ವಿಷಯದಿಂದ ಕುದಿಯುತ್ತಿತ್ತು: ಪಾರ್ಲಿಮೆಂಟಿಗೆ ಮತ ಕೊಡುವ ಹಕ್ಕನ್ನು ಹೆಚ್ಚು ಜನರಿಗೆ ವಿಸ್ತರಿಸಬೇಕೆ, ಬೇಡವೆ? ಗ್ಲಾಡ್‌ಸ್ಟನ್ ಎದ್ದು ನಿಂತು, ಈ ಸುಧಾರಣೆಯಿಂದ ರಾಜ್ಯದ ಬುಡವೇ ಅಲ್ಲಾಡೀತೆಂದು ಮುಕ್ಕಾಲು ಗಂಟೆ ಮಾತನಾಡಿದನು. ಕೇಳಿದ ಗೆಳೆಯರಲ್ಲಿ ನ್ಯೂಕ್ಯಾಸಲ್ ಡ್ಯೂಕನ ಮಗನೂ ಇದ್ದನು. ಮಾತಿನ ಸುದ್ದಿ ಡ್ಯೂಕನ ಕಿವಿಗೆ ಬಿದ್ದಿತು. ನ್ಯೂಆರ್ಕ್ ಎಂಬ ಊರಿನ ಪಾರ್ಲಿಮೆಂಟು ಸ್ಥಾನ ಹೆಚ್ಚು ಕಡಮೆ ಆ ಡ್ಯೂಕನ ಕೈಯಲ್ಲಿತ್ತು. ೧೮೩೨ರ ಕೊನೆಯಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ಗ್ಲಾಡ್‌ಸ್ಟನ್ ಪಾರ್ಲಿಮೆಂಟಿನ ಸದಸ್ಯನಾದನು. ಮುಂದೆ ನಾಲ್ಕು ಸಲ ಪ್ರಧಾನಮಂತ್ರಿ.

ಆ ಭಾಷಣ ಮತ್ತೊಂದು ಸಲ ಎದ್ದು ಬಂದಿತು. ೧೮೬೬ರಲ್ಲಿ ಗ್ಲಾಡ್‌ಸ್ಟನ್ ತಾನೇ ಮತದಾನದ ಹಕ್ಕನ್ನು ವಿಸ್ತರಿಸುವ ಮಸೂದೆಯನ್ನು ಪಾರ್ಲಿಮೆಂಟಿಗೆ ತಂದಾಗ, ಎದುರು ಪಕ್ಷದ ಡಿಸ್ರೇಲಿ ಮೂವತ್ತೈದು ವರ್ಷದ ಹಿಂದಿನ ಯೂನಿಯನ್ ಭಾಷಣವನ್ನು ನೆನಪಿಸಿ ಚುಚ್ಚಿದನು. ಗ್ಲಾಡ್‌ಸ್ಟನ್ ಅದನ್ನು ಮುಚ್ಚಿಡಲಿಲ್ಲ. ಅದು ಹುಡುಗತನದ ತಪ್ಪು ತಿಳಿವಳಿಕೆ, ಆಗ ನಾನು ಬೆಳೆದ ವಾತಾವರಣ ಅಂಥದು ಎಂದು ತುಂಬಿದ ಸಭೆಯಲ್ಲಿ ಒಪ್ಪಿಕೊಂಡನು. ಆ ವರ್ಷದ ಮಸೂದೆ ಬಿದ್ದುಹೋಯಿತು. ಆದರೆ ೧೮೮೪ರಲ್ಲಿ ಹಳ್ಳಿಗಳ ಕೂಲಿಗಾರರಿಗೆ ಮತದ ಹಕ್ಕನ್ನು ಕೊಟ್ಟದ್ದು ಅವನದೇ ಸರ್ಕಾರ. ಚರ್ಚಾಸಭೆಯಲ್ಲಿ ಆಡಿದ ಮಾತಿಗೆ ಮನುಷ್ಯ ಜೀವಾವಧಿ ಅಂಟಿಕೊಂಡಿರಬೇಕೆಂದು ಯಾರೂ ಶಾಸನ ಬರೆದಿಲ್ಲವಷ್ಟೆ.

ಇದೇ ಕಾಲದಲ್ಲಿ ನಮ್ಮ ದೇಶದಲ್ಲಿ ನಡೆದದ್ದನ್ನು ಇಲ್ಲಿ ಒಂದು ಕ್ಷಣ ನೆನೆಯದಿದ್ದರೆ ಅನ್ಯಾಯವಾದೀತು. ಆಕ್ಸ್‌ಫರ್ಡಿನ ಕೂಟ ಹುಟ್ಟಿ ಐದೇ ವರ್ಷಕ್ಕೆ, ೧೮೨೮ರಲ್ಲಿ, ಕಲ್ಕತ್ತೆಯ ಹಿಂದೂ ಕಾಲೇಜಿನ ಉಪಾಧ್ಯಾಯ ಹೆನ್ರಿ ಡೆರೋಜಿಯೋ ತನ್ನ ಶಿಷ್ಯರನ್ನು ಸೇರಿಸಿ ಅಕ್ಯಾಡೆಮಿಕ್ ಅಸೋಸಿಯೇಷನ್ ಎಂಬ ಚರ್ಚಾಕೂಟವನ್ನು ಕಟ್ಟಿದನು. ಆಗ ಅವನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ದೈವವುಂಟೋ ಇಲ್ಲವೋ, ವಿಗ್ರಹಪೂಜೆ ಸರಿಯೋ, ವಿಧಿಯೋ ಪ್ರಯತ್ನವೋ ಎಂದು ಆ ಹುಡುಗರು ವಾದಿಸಿದರು. ಅಲ್ಲಿ ಅದು ಆಟವಾಗಿರಲಿಲ್ಲ. ಮನೆಗಳಲ್ಲಿ ಜಗಳ ಎದ್ದಿತು, ತಂದೆತಾಯಿಗಳು ಮಕ್ಕಳನ್ನು ಕಾಲೇಜಿನಿಂದ ಬಿಡಿಸತೊಡಗಿದರು. ೧೮೩೧ರಲ್ಲಿ ಡೆರೋಜಿಯೋ ಕೆಲಸ ಕಳೆದುಕೊಂಡನು. ಅದೇ ವರ್ಷದ ಡಿಸೆಂಬರಿನಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಾಲರಾ ಬೇನೆಯಿಂದ ತೀರಿಕೊಂಡನು. ಅಲ್ಲಿ ಗ್ಲಾಡ್‌ಸ್ಟನ್ನನಿಗೆ ಮಾತಿನಿಂದ ಪಾರ್ಲಿಮೆಂಟು ದೊರೆತ ಕಾಲಕ್ಕೇ ಇಲ್ಲಿ ಮೇಷ್ಟ್ರಿಗೆ ದೊರೆತ ಬಹುಮಾನ ಇದು. ನಾನೂ ಮೇಷ್ಟ್ರ ಕುಲದವನಾದ್ದರಿಂದ ಇದನ್ನು ಸ್ವಲ್ಪ ಒತ್ತಿ ಹೇಳಿದರೆ ವಾಚಕರು ಕ್ಷಮಿಸಬೇಕು.

ಆಕ್ಸ್‌ಫರ್ಡಿನ ಕೂಟ ಬೆಳೆಯಿತು. ೧೮೫೭ರಲ್ಲಿ ಹೊಸ ಸಭಾಮಂದಿರ ಎದ್ದಿತು. ಅದರ ಗೋಡೆಗಳ ಮೇಲೆ ಚಿತ್ರ ಬರೆಯುತ್ತೇವೆಂದು ರಾಸೆಟ್ಟಿ ಎಂಬ ಕವಿ–ಚಿತ್ರಕಾರ ತನ್ನ ಗೆಳೆಯರಾದ ವಿಲಿಯಂ ಮಾರಿಸ್, ಬರ್ನ್–ಜೋನ್ಸ್ ಮೊದಲಾದವರನ್ನು ಕಟ್ಟಿಕೊಂಡು ಬಂದನು. ಸಂಬಳ ಬೇಡ, ಬಣ್ಣ ಮತ್ತು ಊಟವಸತಿ ಸಾಕು ಎಂಬ ಒಪ್ಪಂದ. ಆರ್ಥರ್ ರಾಜನ ಕಥೆಗಳನ್ನು ಬಹು ಉತ್ಸಾಹದಿಂದ ಬರೆದರು; ಆದರೆ ಗೋಡೆಯನ್ನು ಸರಿಯಾಗಿ ಹದಮಾಡಿಕೊಳ್ಳದೆ ಸುಣ್ಣ ಬಳಿದ ಇಟ್ಟಿಗೆಯ ಮೇಲೆಯೇ ಬಣ್ಣ ಹಾಕಿದ್ದರಿಂದ ಕೆಲವೇ ವರ್ಷಗಳಲ್ಲಿ ಚಿತ್ರಗಳು ಮಾಸಿಹೋದುವು. ಆ ಮಂದಿರ ಈಗ ಪುಸ್ತಕ ಭಂಡಾರ. ೧೮೭೯ರಲ್ಲಿ ಕಟ್ಟಿದ ಮತ್ತೊಂದು ಮಂದಿರದಲ್ಲಿ ಚರ್ಚೆ ನಡೆಯುತ್ತದೆ.

ಚರ್ಚೆಯ ವಿಧಾನವೆಲ್ಲ ಪಾರ್ಲಿಮೆಂಟಿನದೇ ಅಚ್ಚು. ಎತ್ತರದ ಪೀಠದಲ್ಲಿ ಅಧ್ಯಕ್ಷ. ಎದುರುಬದುರಾಗಿ ಎರಡು ಪಕ್ಷ. ‘ಈ ಸಭೆಯ ಅಭಿಪ್ರಾಯದಲ್ಲಿ’ ಎಂದು ಆರಂಭವಾಗುವ ಗೊತ್ತುವಳಿ. ಎದುರಾಳಿಯನ್ನು ನೇರವಾಗಿ ನೀನು ತಾನು ಎನ್ನುವಂತಿಲ್ಲ. ಮಾತೆಲ್ಲ ಅಧ್ಯಕ್ಷರನ್ನು ಕುರಿತೇ ಆಡತಕ್ಕದ್ದು. ನಡುವೆ ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ಮಾತನಾಡುತ್ತಿರುವವನು ಬೇಕಾದರೆ ಎಡೆಗೊಡಬಹುದು, ಬೇಡವಾದರೆ ಕೂರಿಸಬಹುದು. ಎಡೆಗೊಟ್ಟು ತಕ್ಕ ಉತ್ತರ ಕೊಡುವವನಿಗೇ ಸಭೆಯ ಮನ್ನಣೆ. ವಿದ್ಯಾರ್ಥಿಗಳ ಪಕ್ಕದಲ್ಲಿ ಮಂತ್ರಿಗಳೂ ವಿದ್ವಾಂಸರೂ ಅತಿಥಿಗಳಾಗಿ ಕುಳಿತು ವಾದಿಸುತ್ತಾರೆ. ಕೊನೆಗೆ ಸದಸ್ಯರು ಹೊರಗೆ ಹೋಗುವಾಗ ‘ಹೌದು’ ‘ಅಲ್ಲ’ ಎಂದು ಬೇರ್ಪಡಿಸಿದ ಬಾಗಿಲಿನ ಒಂದೊಂದು ಪಕ್ಕದಿಂದ ಹಾಯ್ದು ಹೋಗುತ್ತಾರೆ, ಎಣಿಸುವವರು ಎಣಿಸುತ್ತಾರೆ. ಅಧ್ಯಕ್ಷ, ಗ್ರಂಥಪಾಲ, ಖಜಾಂಚಿ, ಕಾರ್ಯದರ್ಶಿ ಎಲ್ಲರೂ ವಿದ್ಯಾರ್ಥಿಗಳೇ. ವರ್ಷಕ್ಕೆ ಮೂರು ಅವಧಿ, ಮೂವರು ಅಧ್ಯಕ್ಷರು. ಹೀಗಾಗಿ ಚುನಾವಣೆಯ ಬಿಸಿ ಅಲ್ಲಿ ಆರುವುದೇ ಇಲ್ಲ. ಆ ವಯಸ್ಸಿಗೇ ಒಳಸಂಚುಗಳಲ್ಲಿ ಪಳಗಿಬಿಡುತ್ತಾರೆಂಬ ಅಪವಾದವೂ ಸುಳ್ಳಲ್ಲ. ಗ್ಲಾಡ್‌ಸ್ಟನ್ನನ ತರುವಾಯ ಆಸ್ಕ್ವಿತ್, ಎಡ್ವರ್ಡ್ ಹೀತ್, ಬೋರಿಸ್ ಜಾನ್ಸನ್ ಎಂಬ ಅಧ್ಯಕ್ಷರು ಪ್ರಧಾನಿಗಳಾದರು. ಪಟ್ಟಿಯನ್ನು ನೋಡಿದರೆ ಆ ಮಂದಿರದಿಂದ ಎಲ್ಲ ಬಗೆಯ ನಾಣ್ಯವೂ ಹೊರಬಿದ್ದಿದೆ ಎಂದಷ್ಟೇ ಹೇಳಬಹುದು.

ಇನ್ನು ಲೋಕವೆಲ್ಲ ಬಲ್ಲ ಆ ಚರ್ಚೆಗೆ ಬರೋಣ. ೧೯೩೩ನೆಯ ಇಸವಿ ಫೆಬ್ರವರಿ ೯. ಹತ್ತು ದಿನಗಳ ಹಿಂದೆ, ಜನವರಿ ೩೦ರಂದು, ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಿದ್ದನು. ಆ ಗುರುವಾರ ಯೂನಿಯನ್ನಿನ ಮುಂದಿದ್ದ ಗೊತ್ತುವಳಿ ಇದು: ಈ ಸಭೆ ಯಾವ ಸಂದರ್ಭದಲ್ಲಿಯೂ ತನ್ನ ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡುವುದಿಲ್ಲ. ಫ್ರಾಂಕ್ ಹಾರ್ಡಿ ಅಧ್ಯಕ್ಷ. ಡಿಗ್ಬಿ ಎಂಬ ವಿದ್ಯಾರ್ಥಿ ಗೊತ್ತುವಳಿಯನ್ನು ಮಂಡಿಸಿದನು. ಅದರ ಪರವಾಗಿ ಬಂದ ಅತಿಥಿ ಜೋಡ್ ಎಂಬ ತತ್ತ್ವಶಾಸ್ತ್ರದ ಲೇಖಕ; ವಿರೋಧವಾಗಿ ಬಂದವನು ಹಿಂದೆ ಇದೇ ಯೂನಿಯನ್ನಿಗೆ ಅಧ್ಯಕ್ಷನಾಗಿದ್ದ ಕ್ವಿಂಟಿನ್ ಹಾಗ್. ಮತ ಎಣಿಸಿದಾಗ ಗೊತ್ತುವಳಿಯ ಪರ ೨೭೫, ವಿರೋಧ ೧೫೩.

ಆ ಮಾತಿನ ಹಿನ್ನೆಲೆಯನ್ನು ಮರೆಯಬಾರದು. ‘ರಾಜ ಮತ್ತು ದೇಶ’ ಎಂಬ ಜೋಡಿ ಪದ ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯ ಸೇರಿರೆಂದು ಬೀದಿ ಬೀದಿಯ ಗೋಡೆಗಳ ಮೇಲೆ ಅಂಟಿಸಿದ್ದ ಭಿತ್ತಿಪತ್ರಗಳದು. ಆ ಕರೆಗೆ ಓಗೊಟ್ಟು ಆಕ್ಸ್‌ಫರ್ಡಿನ ಒಂದು ತಲೆಮಾರೇ ಫ್ರಾನ್ಸಿನ ಕೆಸರಿನಲ್ಲಿ ಮಣ್ಣಾಗಿತ್ತು. ಮುಂದೆ ಪ್ರಧಾನಿಯಾದ ಹೆರಾಲ್ಡ್ ಮ್ಯಾಕ್‌ಮಿಲನ್ ೧೯೧೪ರಲ್ಲಿ ಯೂನಿಯನ್ನಿನ ಖಜಾಂಚಿಯಾಗಿದ್ದವನು, ಅಧ್ಯಕ್ಷನಾಗುವ ಮೊದಲೇ ಯುದ್ಧಕ್ಕೆ ಹೋಗಿ ಪದೇ ಪದೇ ಗಾಯಗೊಂಡು ಹೇಗೋ ಉಳಿದವನು. ಅಣ್ಣಂದಿರನ್ನೂ ತಂದೆಯರನ್ನೂ ಹಾಗೆ ಕಳೆದುಕೊಂಡ ಮನೆಗಳಲ್ಲಿ ಬೆಳೆದ ಹುಡುಗರು ೧೯೩೩ರಲ್ಲಿ ಇಪ್ಪತ್ತರ ಆಸುಪಾಸಿನಲ್ಲಿದ್ದರು. ಅವರು ಬೇಡವೆಂದದ್ದು ದೇಶವನ್ನೋ, ಆ ಭಿತ್ತಿಪತ್ರವನ್ನೋ? ಎರಡನೆಯದೆಂದೇ ನಾನು ತಿಳಿಯುತ್ತೇನೆ. ಆದರೆ ಗೊತ್ತುವಳಿಯ ಮಾತುಗಳಲ್ಲಿ ‘ಯಾವ ಸಂದರ್ಭದಲ್ಲಿಯೂ’ ಎಂಬುದು ಸೇರಿತ್ತು. ಹೊರಗಿನವರು ಅದನ್ನು ಅಕ್ಷರಶಃ ಓದಿದರು.

ಹೇಳಬೇಕೆ ಪತ್ರಿಕೆಗಳ ಆರ್ಭಟ! ಸಭೆಯ ಸದಸ್ಯರು ಹೇಡಿಗಳು, ದ್ರೋಹಿಗಳು ಎಂದು ಬೈಗಳ ಸುರಿಮಳೆಯಾಯಿತು. ಇಂಗ್ಲೆಂಡಿನಲ್ಲಿ ಹೇಡಿಗೆ ಬಿಳಿಯ ಗರಿಯನ್ನು ಕಳಿಸಿ ಹಂಗಿಸುವ ಪದ್ಧತಿಯುಂಟು. ೨೭೫ ಗರಿಗಳನ್ನು ತುಂಬಿದ ಪೆಟ್ಟಿಗೆ ಯೂನಿಯನ್ನಿಗೆ ಬಂದಿತು. ಕೆಲವರು ಒಳನುಗ್ಗಿ ಆ ದಿನದ ನಡವಳಿಯ ಹಾಳೆಗಳನ್ನೇ ಪುಸ್ತಕದಿಂದ ಹರಿದುಹಾಕಿದರು. ವಿನ್‌ಸ್ಟನ್ ಚರ್ಚಿಲ್ ಬಹಿರಂಗ ಸಭೆಯಲ್ಲಿ ಕಟುವಾಗಿ ಖಂಡಿಸಿದನು. ಅವನ ಮಗ ರ್‍ಯಾಂಡಾಲ್ಫ್, ಗೊತ್ತುವಳಿಯನ್ನು ದಾಖಲೆಯಿಂದಲೇ ತೆಗೆದುಹಾಕಬೇಕೆಂಬ ಸೂಚನೆಯನ್ನು ಹೊತ್ತು ಮಾರ್ಚಿ ೨ರಂದು ಸಭೆಗೆ ಬಂದನು. ಆ ರಾತ್ರಿ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೂಚನೆಯ ಪರ ೧೩೮, ವಿರೋಧ ೭೫೦. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಮೊದಲ ಗೊತ್ತುವಳಿಯನ್ನು ಒಪ್ಪದಿದ್ದ ಎಷ್ಟೋ ಮಂದಿ ಎರಡನೆಯ ಸಲ ಅದರ ರಕ್ಷಣೆಗೆ ನಿಲ್ಲದಿದ್ದರೆ ಇಷ್ಟು ಅಂತರ ಬರುವಂತಿರಲಿಲ್ಲ. ನಾವು ತಪ್ಪು ತೀರ್ಮಾನ ಮಾಡಿದ್ದರೂ ಮಾಡಿದ್ದೇವೆ, ಹೊರಗಿನವರ ಗದರಿಕೆಗೆ ಅದನ್ನು ಅಳಿಸುವುದಿಲ್ಲ ಎಂಬುದು ಆ ೭೫೦ರ ಅರ್ಥ. ಯೂನಿಯನ್ನಿನ ಚರಿತ್ರೆಯಲ್ಲಿ ಫೆಬ್ರವರಿಯ ಮತಕ್ಕಿಂತ ಮಾರ್ಚಿಯ ಮತವೇ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಜನ ನೆನೆಯುವುದು ಮಾತ್ರ ಮೊದಲನೆಯದನ್ನೇ.

ಈ ಹುಡುಗರ ಮಾತನ್ನು ಕೇಳಿಯೇ ಹಿಟ್ಲರನಿಗೂ ಮುಸೊಲಿನಿಗೂ ಧೈರ್ಯ ಬಂದಿತು, ಇಂಗ್ಲೆಂಡು ಕಾದಾಡದು ಎಂದು ಅವರು ಎಣಿಕೆ ಹಾಕಿದರು ಎಂದು ಆಮೇಲೆ ಅನೇಕರು ಬರೆದರು. ಹಿಟ್ಲರನ ಲೆಕ್ಕಾಚಾರದಲ್ಲಿ ಅದಕ್ಕೆ ಅಂಥ ಸ್ಥಾನವಿತ್ತೆಂಬುದಕ್ಕೆ ಗಟ್ಟಿಯಾದ ಆಧಾರವನ್ನು ಯಾರೂ ತೋರಿಸಿಲ್ಲ. ದೇಶದೇಶಗಳ ಮಂತ್ರಿಗಳು ಮಾಡಿದ ತಪ್ಪುಗಳನ್ನು ಕಾಲೇಜು ಹುಡುಗರ ತಲೆಗೆ ಕಟ್ಟುವುದು ಸುಲಭದ ದಾರಿ. ೧೯೩೮ರಲ್ಲಿ ಪ್ರಧಾನಿ ಚೇಂಬರ್‌ಲೇನ್ ಮ್ಯೂನಿಕ್ ಒಪ್ಪಂದಕ್ಕೆ ಸಹಿ ಹಾಕಿ ಬಂದಾಗ, ಆಕ್ಸ್‌ಫರ್ಡಿನ ಉಪಚುನಾವಣೆಯಲ್ಲಿ ಆ ಒಪ್ಪಂದವನ್ನು ಸಮರ್ಥಿಸಿ ಗೆದ್ದವನು ಯಾರು? ೧೯೩೩ರಲ್ಲಿ ರಾಜನಿಗಾಗಿ, ದೇಶಕ್ಕಾಗಿ ಯುದ್ಧ ಮಾಡಲೇಬೇಕೆಂದು ವಾದಿಸಿದ್ದ ಅದೇ ಕ್ವಿಂಟಿನ್ ಹಾಗ್! ಅವನ ವಿರುದ್ಧ ಓಡಾಡಿ ಪ್ರಚಾರ ಮಾಡಿದ ವಿದ್ಯಾರ್ಥಿಗಳಲ್ಲಿ ಮರುವರ್ಷ ಯೂನಿಯನ್ನಿಗೆ ಅಧ್ಯಕ್ಷನಾದ ಎಡ್ವರ್ಡ್ ಹೀತ್ ಒಬ್ಬನು. ೧೯೩೯ರ ಏಪ್ರಿಲಿನಲ್ಲಿ ಅದೇ ಸಭೆ ಕಡ್ಡಾಯ ಸೈನಿಕ ಸೇವೆಯನ್ನು ಬಹುಮತದಿಂದ ಸ್ವಾಗತಿಸಿತು. ಸೆಪ್ಟೆಂಬರಿನಲ್ಲಿ ಯುದ್ಧ ಬಂದಾಗ ಆಕ್ಸ್‌ಫರ್ಡಿನ ಹುಡುಗರು ಸಾಲುಗಟ್ಟಿ ಸೈನ್ಯಕ್ಕೆ ಹೆಸರು ಕೊಟ್ಟರು. ೧೯೩೩ರಲ್ಲಿ ಗೊತ್ತುವಳಿಗೆ ಮತ ಕೊಟ್ಟವರಲ್ಲಿ ಎಷ್ಟೋ ಮಂದಿ ಸಮವಸ್ತ್ರ ತೊಟ್ಟರು.

ಈ ಸಭೆಯ ಔದಾರ್ಯಕ್ಕೆ ಎಲ್ಲೆಯೂ ಇತ್ತು. ಹೆಂಗಸರು ಉಪ್ಪರಿಗೆಯ ಮೊಗಸಾಲೆಯಲ್ಲಿ ಕುಳಿತು ಕೇಳಬಹುದು, ಸದಸ್ಯರಾಗುವಂತಿಲ್ಲ. ೧೯೦೮ರಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬೇಕೆ ಎಂಬ ಚರ್ಚೆಗೆ ಮಿಲಿಸೆಂಟ್ ಫಾಸೆಟ್ ಎಂಬ ಮಹಿಳೆಯನ್ನು ಅತಿಥಿಯಾಗಿ ಕರೆದರು. ಆಕೆ ಮಾತನಾಡಿ ಕುಳಿತರು. ಗಂಡಸರು ಮತ ಹಾಕಿ ಅಲ್ಪ ಅಂತರದಿಂದ ಬೇಡವೆಂದರು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ೧೯೨೦ರಲ್ಲಿ ಹೆಣ್ಣುಮಕ್ಕಳಿಗೆ ಪದವಿ ಕೊಡತೊಡಗಿತು. ಯೂನಿಯನ್ ಬಾಗಿಲು ತೆರೆದದ್ದು ೧೯೬೩ರಲ್ಲಿ. ಅಷ್ಟರಲ್ಲಿ ಸಾಮರ್‌ವಿಲ್ ಕಾಲೇಜಿನಲ್ಲಿ ಓದಿದ ಇಬ್ಬರು ಹೆಣ್ಣುಮಕ್ಕಳು ಆ ಸಭೆಯ ಸದಸ್ಯತ್ವವಿಲ್ಲದೆಯೇ ಊರಿಗೆ ಹಿಂದಿರುಗಿದ್ದರು: ಒಬ್ಬರು ಇಂದಿರಾ ನೆಹರೂ, ಇನ್ನೊಬ್ಬರು ಮಾರ್ಗರೆಟ್ ರಾಬರ್ಟ್ಸ್. ಮುಂದೆ ಒಬ್ಬರು ಇಂದಿರಾ ಗಾಂಧಿಯಾಗಿ ಭಾರತವನ್ನೂ, ಇನ್ನೊಬ್ಬರು ಮಾರ್ಗರೆಟ್ ಥ್ಯಾಚರ್ ಆಗಿ ಬ್ರಿಟನ್ನನ್ನೂ ಆಳಿದರು. ನಾಯಕರನ್ನು ತಯಾರುಮಾಡುವ ಗರಡಿಮನೆ ತಾನೇ ಎಂದು ಹೆಮ್ಮೆಪಡುತ್ತಿದ್ದ ಯೂನಿಯನ್ನಿಗೆ ಇದು ಸ್ವಲ್ಪ ನಾಚಿಕೆಯ ವಿಷಯವೇ ಸರಿ.

ಬಣ್ಣದ ಅಡ್ಡಿ ನಿಯಮದಲ್ಲಿರಲಿಲ್ಲ. ಸಿಂಹಳದ ಸಾಲೊಮನ್ ಬಂಡಾರನಾಯಕೆ ೧೯೨೩ರಲ್ಲಿ ಕಾರ್ಯದರ್ಶಿಯಾಗಿ, ೧೯೨೪ರಲ್ಲಿ ಖಜಾಂಚಿಯಾಗಿ ಆಯ್ಕೆಯಾದರೂ ಅಧ್ಯಕ್ಷ ಪದವಿ ಕೈಗೆ ಹತ್ತಲಿಲ್ಲ. ಹತ್ತು ವರ್ಷಗಳ ತರುವಾಯ, ೧೯೩೪ರಲ್ಲಿ, ಮುಂಬಯಿಯ ಪಾರ್ಸಿ ತರುಣ ಡಿ. ಎಫ್. ಕರಾಕಾ ಆ ಪೀಠವನ್ನು ಏರಿದ ಮೊದಲ ಭಾರತೀಯರಾದರು. ಮುಂದೆ ಅವರು ಮುಂಬಯಿಯಲ್ಲಿ ‘ಕರೆಂಟ್’ ವಾರಪತ್ರಿಕೆಯ ಸಂಪಾದಕರೆಂದು ಹೆಸರಾದರು. ಸಿಂಹಳದವರಾದ ಲಲಿತ್ ಅತುಲತ್‌ಮುದಲಿ ೧೯೫೮ರಲ್ಲಿಯೂ ಲಕ್ಷ್ಮಣ್ ಕದಿರ್ಗಾಮರ್ ೧೯೫೯ರಲ್ಲಿಯೂ ಅಧ್ಯಕ್ಷರಾದರು. ಪಾಕಿಸ್ತಾನದ ಬೆನಜೀರ್ ಭುಟ್ಟೋ ೧೯೭೭ರಲ್ಲಿ. ಈ ಹೆಸರುಗಳನ್ನು ಒಟ್ಟಿಗೆ ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಬಂಡಾರನಾಯಕೆ ಪ್ರಧಾನಿಯಾಗಿದ್ದಾಗಲೇ ೧೯೫೯ರಲ್ಲಿ ಗುಂಡಿಗೆ ಬಲಿಯಾದರು. ಅತುಲತ್‌ಮುದಲಿ ೧೯೯೩ರಲ್ಲಿ, ವಿದೇಶಾಂಗ ಮಂತ್ರಿಯಾಗಿದ್ದ ಕದಿರ್ಗಾಮರ್ ೨೦೦೫ರಲ್ಲಿ, ಬೆನಜೀರ್ ೨೦೦೭ರಲ್ಲಿ ಹಂತಕರ ಕೈಯಲ್ಲಿ ಸತ್ತರು. ಮಾತಿಗೆ ಮಾತಿನಲ್ಲಿಯೇ ಉತ್ತರ ಕೊಡಬೇಕೆಂಬ ಕಟ್ಟಳೆಯನ್ನು ಕಲಿತು ಬಂದ ನಾಲ್ವರು.

ಕನ್ನಡಿಗರ ಪಾಲಿನ ಮಾತು ಇನ್ನು ಮುಂದಿನದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರಗಳನ್ನು ಓದಿ ೧೯೫೮ರಲ್ಲಿ ಪದವಿ ಪಡೆದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ೧೯೬೦ರಲ್ಲಿ ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗೆ ಹೋದರು. ಆ ಹೆಸರನ್ನು ಅಲ್ಲಿಯವರು ‘ಮಾಡ್ಲಿನ್’ ಎಂದು ಉಚ್ಚರಿಸುತ್ತಾರೆ. ಬರೆಯುವುದೊಂದು, ನುಡಿಯುವುದೊಂದು ಎಂಬುದರಲ್ಲಿ ಇಂಗ್ಲಿಷಿಗೆ ಸಾಟಿಯಿಲ್ಲ. ೧೯೬೨–೬೩ರಲ್ಲಿ ಕಾರ್ನಾಡರು ಯೂನಿಯನ್ನಿನ ಅಧ್ಯಕ್ಷರಾಗಿ ಚುನಾಯಿತರಾದರು. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಹಂಬಲ ಇದ್ದಿತೆಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಇಂಗ್ಲೆಂಡಿಗೆ ಹೊರಡುವ ಗಡಿಬಿಡಿಯಲ್ಲಿ ಅವರ ಲೇಖನಿಯಿಂದ ಬಂದದ್ದು ‘ಯಯಾತಿ’ ನಾಟಕ, ಕನ್ನಡದಲ್ಲಿ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗಲೇ, ೧೯೬೧ರಲ್ಲಿ, ಅದು ಧಾರವಾಡದಲ್ಲಿ ಅಚ್ಚಾಯಿತು. ಇಂಗ್ಲಿಷಿನ ಮಾತುಗಾರರ ಸಭೆಯಲ್ಲಿ ಅವರದೇ ಭಾಷೆಯಲ್ಲಿ ಅವರ ಮನಸ್ಸನ್ನು ಗೆದ್ದ ಮನುಷ್ಯ ತಿರುಗಿ ಬಂದು ‘ತುಘಲಕ್’ ನಾಟಕವನ್ನು ಕನ್ನಡದಲ್ಲಿಯೇ ಬರೆದರು. ಎರಡು ಪಕ್ಷದ ಮಾತನ್ನೂ ಅಷ್ಟೇ ಬಲವಾಗಿ ಆಡಿಸಬಲ್ಲ ಶಕ್ತಿ ನಾಟಕಕಾರನಿಗೆ ಬೇಕು. ಅದು ಕಾರ್ನಾಡರಿಗೆ ಚರ್ಚಾಸಭೆಯಿಂದ ಬಂದದ್ದೆಂದು ಹೇಳುವ ಸಾಹಸ ನಾನು ಮಾಡಲಾರೆ. ಅಲ್ಲಿಗೆ ಹೋಗುವ ಮೊದಲೇ ‘ಯಯಾತಿ’ಯಲ್ಲಿ ಅದು ಕಾಣುತ್ತದೆ.

ಅವರು ಬಂದ ಮರುವರ್ಷ, ೧೯೬೪ರ ಡಿಸೆಂಬರಿನಲ್ಲಿ, ಅಮೆರಿಕದ ನೀಗ್ರೋ ಜನರ ನಾಯಕ ಮಾಲ್ಕಂ ಎಕ್ಸ್ ಯೂನಿಯನ್ನಿನಲ್ಲಿ ನಿಂತು ಮಾತನಾಡಿದನು. ಸ್ವಾತಂತ್ರ್ಯದ ರಕ್ಷಣೆಗಾಗಿ ಅತಿರೇಕಕ್ಕೆ ಹೋದರೂ ದೋಷವಲ್ಲ ಎಂಬುದು ಗೊತ್ತುವಳಿಯ ತಿರುಳು. ಆಗ ಅಧ್ಯಕ್ಷನಾಗಿದ್ದವನು ಜಮೈಕದ ಎರಿಕ್ ಏಬ್ರಹಾಮ್ಸ್. ಗೊತ್ತುವಳಿ ಸೋತಿತು. ಮೂರು ತಿಂಗಳು ತುಂಬುವ ಮೊದಲೇ, ೧೯೬೫ರ ಫೆಬ್ರವರಿ ೨೧ರಂದು, ನ್ಯೂಯಾರ್ಕಿನ ಸಭೆಯೊಂದರಲ್ಲಿ ಮಾಲ್ಕಂ ಎಕ್ಸನ ಕೊಲೆಯಾಯಿತು. ಅದಕ್ಕೆ ಮೂರು ದಿನ ಮುಂಚೆ ಕೇಂಬ್ರಿಡ್ಜ್ ಯೂನಿಯನ್ನಿನಲ್ಲಿ ಜೇಮ್ಸ್ ಬಾಲ್ಡ್‌ವಿನ್ ಎಂಬ ಕರಿಯ ಲೇಖಕ, ಅಮೆರಿಕದ ಸೌಭಾಗ್ಯವೆಲ್ಲ ತನ್ನ ಜನರ ಬೆವರಿನ ಮೇಲೆ ನಿಂತಿದೆ ಎಂದು ವಾದಿಸಿ ೫೪೪ ಮತಗಳನ್ನು ಪಡೆದಿದ್ದನು. ಎದುರಾಳಿ ಬಕ್ಲಿಗೆ ಬಂದದ್ದು ೧೬೪.

ಯಾರನ್ನು ಕರೆಯಬೇಕು, ಯಾರನ್ನು ಕರೆಯಬಾರದು ಎಂಬುದು ಯೂನಿಯನ್ನಿಗೆ ತೀರದ ತೊಡಕು. ೨೦೦೭ರ ನವೆಂಬರಿನಲ್ಲಿ, ಯಹೂದ್ಯರ ಸಾಮೂಹಿಕ ಹತ್ಯೆಯನ್ನು ಅಲ್ಲಗಳೆದ ಡೇವಿಡ್ ಅರ್ವಿಂಗ್‌ನನ್ನೂ ಜನಾಂಗದ್ವೇಷದ ಪಕ್ಷವೊಂದರ ನಾಯಕ ನಿಕ್ ಗ್ರಿಫಿನ್ನನನ್ನೂ ವಾಕ್‌ಸ್ವಾತಂತ್ರ್ಯದ ಚರ್ಚೆಗೆ ಕರೆದಾಗ ನೂರಾರು ಜನ ಬಾಗಿಲಿಗೆ ಅಡ್ಡ ನಿಂತು ಪ್ರತಿಭಟಿಸಿದರು. ಕೆಲವರು ಸಭಾಮಂದಿರದೊಳಕ್ಕೂ ನುಗ್ಗಿ ಕುಳಿತರು. ಸುಳ್ಳನ್ನು ಬಯಲಲ್ಲಿ ನಿಲ್ಲಿಸಿಯೇ ಸೋಲಿಸಬೇಕು ಎಂದು ಒಂದು ಪಕ್ಷ. ವೇದಿಕೆ ಹತ್ತಿಸಿದರೆ ಸುಳ್ಳಿಗೂ ಮರ್ಯಾದೆ ಬಂದುಬಿಡುತ್ತದೆ ಎಂದು ಇನ್ನೊಂದು. ವಾದ ಮಾಡಬೇಕಾದದ್ದು ಶಿಷ್ಯರೊಡನೆ, ಗುರುಗಳೊಡನೆ, ತಿಳಿಯಬೇಕೆಂಬ ಆಸೆಯುಳ್ಳವರೊಡನೆ ಎಂದು ನ್ಯಾಯಸೂತ್ರಗಳು ಹೇಳುತ್ತವೆ. ಜಲ್ಪ ವಿತಂಡಗಳು ಮೊಳಕೆಯನ್ನು ಕಾಯುವ ಮುಳ್ಳುಬೇಲಿಯಂತೆ ತತ್ತ್ವವನ್ನು ಕಾಯುವುದಕ್ಕೆ ಮಾತ್ರ ಎನ್ನುತ್ತವೆ. ಆ ಬುದ್ಧಿಮಾತು ಆ ರಾತ್ರಿ ಯಾವ ಪಕ್ಷಕ್ಕೆ ಬೆಂಬಲವಾಗುತ್ತಿತ್ತೋ ವಾಚಕರೇ ಯೋಚಿಸಬೇಕು.

ಭಾರತೀಯರ ಬಾಯಲ್ಲಿ ಇತ್ತೀಚಿಗೆ ಯೂನಿಯನ್ನಿನ ಹೆಸರು ಓಡಾಡಿದ್ದು ೨೦೧೫ರ ಮೇ ತಿಂಗಳ ಚರ್ಚೆಯಿಂದ. ತಾನು ಆಳಿದ ದೇಶಗಳಿಗೆ ಬ್ರಿಟನ್ ಪರಿಹಾರ ಕೊಡಬೇಕಾಗಿದೆ ಎಂಬುದು ಗೊತ್ತುವಳಿ. ಶಶಿ ತರೂರರು ಹದಿನೈದು ನಿಮಿಷದೊಳಗೆ ನೇಕಾರರ ಮಗ್ಗ, ಬಂಗಾಳದ ಬರಗ, ರೈಲ್ವೆಯ ಲಾಭ, ಎರಡು ಮಹಾಯುದ್ಧಗಳಲ್ಲಿ ಸತ್ತ ಭಾರತೀಯ ಸಿಪಾಯಿಗಳು ಎಲ್ಲವನ್ನೂ ಎಣಿಸಿ ಮುಂದಿಟ್ಟು, ಹಣ ಮುಖ್ಯವಲ್ಲ, ತಪ್ಪೊಪ್ಪಿಗೆ ಮುಖ್ಯ, ಇನ್ನೂರು ವರ್ಷ ವರ್ಷಕ್ಕೊಂದು ಪೌಂಡು ಕೊಟ್ಟರೂ ಸಾಕು ಎಂದರು. ಪರ ೧೮೫, ವಿರೋಧ ೫೬. ಭಾಷಣವನ್ನು ಲಕ್ಷಾಂತರ ಜನ ಯೂಟ್ಯೂಬಿನಲ್ಲಿ ಕೇಳಿದರು. ಮರುವರ್ಷ ಅದು ಬೆಳೆದು ಒಂದು ಪುಸ್ತಕವಾಯಿತು. ಬ್ರಿಟನ್ನಿನ ಸರ್ಕಾರ ಇಂದಿಗೂ ಒಂದು ಪೌಂಡನ್ನೂ ಕೊಟ್ಟಿಲ್ಲ, ಕೊಡುವಂತೆಯೂ ಕಾಣುವುದಿಲ್ಲ. ಆದರೆ ೧೯೩೪ರಲ್ಲಿ ಕರಾಕಾ ಆ ಪೀಠದಲ್ಲಿ ಕುಳಿತಿದ್ದಾಗ ಭಾರತ ಇನ್ನೂ ಅವರ ಆಳಿಕೆಯಲ್ಲಿತ್ತು. ೨೦೧೫ರಲ್ಲಿ ಆಳಿದವರ ಮೊಮ್ಮಕ್ಕಳೇ ‘ಹೌದು’ ಎಂಬ ಕಡೆಯಿಂದ ಹಾಯ್ದು ಹೋದರು.

೨೦೨೩ರಲ್ಲಿ ಯೂನಿಯನ್ನಿಗೆ ಇನ್ನೂರು ವರ್ಷ ತುಂಬಿತು. ಪುಸ್ತಕ ಭಂಡಾರವಾಗಿರುವ ಹಳೆಯ ಮಂದಿರದ ಗೋಡೆಗಳ ಚಿತ್ರಗಳನ್ನು ಆ ವೇಳೆಗಾಗಲೇ ತಿದ್ದಿ ಉಳಿಸಿಕೊಂಡಿದ್ದರು. ಓದುವ ವೇಳೆ ಕಳೆದ ಮೇಲೆ, ಟರ್ಮಿನ ಗುರುವಾರಗಳಂದು, ಪಕ್ಕದ ಮಂದಿರದಲ್ಲಿ ದೀಪ ಹತ್ತಿಸಿ ಹುಡುಗರೂ ಹುಡುಗಿಯರೂ ಎದುರುಬದುರಾಗಿ ಕೂರುತ್ತಾರೆ.